ತಿಕೋಟಾ ಮೇಲಿಂದ

ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ರುಕ್ಮವ್ವ ಸೊಸೆಯ ಮೊಣಕೈ ಹಿಡಿದು ಜಗ್ಗಿ ಕಿವಿಯಲ್ಲಿ ಹೇಳಿದ್ದಳು: "ಮನಸಿಗೆ ಬಂದೈತಿ ಅನ್ನೂದು ಮಾರಿ ಮ್ಯಾಲ ಕಾಣಬಾರದು ನೋಡು. ಖೋಡಿ ತಗಿ. ಒಂದರ ಮ್ಯಾಲ ಒಂದು ಖೋಡಿ ತಗೀತಾ ಇರು."

ಯಶೋಧರಾ ತಲೆಯಾಡಿಸಿದಳು. ಅತ್ತೆ ಹೇಳದಿದ್ದರೂ ಅವಳು ಅದನ್ನೇ ಮಾಡಲು ಬಂದಿದ್ದಳು. ಆದರೆ ಅತ್ತೆಗೆ ಬೇಕಾದದ್ದು ಫೋನು ಸೋವಿಯಾಗಿ ಸಿಗುವುದು. ಇವಳಿಗೆ ಬೇಕಾದದ್ದು ಫೋನು ಸಿಗದೇ ಇರುವುದು.

ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆಯಲ್ಲಿ ರುಕ್ಮವ್ವ ಇಷ್ಟು ವರ್ಷ ಕೊಂಡದ್ದೆಲ್ಲ ಹೀಗೆಯೇ. ಕೊಡ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಾರಿಸಿ "ಸಪ್ಪಳ ಒಡಕ ಬರತೈತಿ" ಅನ್ನುವಳು. ಸೀರೆಯನ್ನು ಬೆಳಕಿಗೆ ಹಿಡಿದು "ನೂಲು ಬಿಟ್ಟೈತಿ" ಅನ್ನುವಳು. ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹೀಗೆ ಕೊರತೆ ಹುಡುಕಿ ಖೋಡಿ ತೆಗೆಯುವ ಗಿರಾಕಿ ಎಲ್ಲಿಗೂ ಹೋಗುವುದಿಲ್ಲ, ಅವಳು ಆ ಸಾಮಾನನ್ನು ಆಗಲೇ ತನ್ನ ಮನೆಯಲ್ಲಿ ಇಟ್ಟುಕೊಂಡು ನೋಡುತ್ತಿದ್ದಾಳೆ ಎಂಬುದು ಅವರಿಗೆ ಗೊತ್ತು. ನಿಜವಾಗಿ ಬೇಡವಾದ ಸಾಮಾನಿಗೆ ರುಕ್ಮವ್ವ ಒಂದು ಖೋಡಿಯನ್ನೂ ತೆಗೆಯುತ್ತಿರಲಿಲ್ಲ. "ಛಲೋ ಐತ್ರಿ" ಎಂದು ಸೆರಗು ಕೊಡವಿ ಎದ್ದುಬಿಡುವಳು. ಆಮೇಲೆ ಯಾರು ಕರೆದರೂ ತಿರುಗುತ್ತಿರಲಿಲ್ಲ.

ಯಶೋಧರಾಳನ್ನು ನೋಡಲು ಬಂದ ದಿನವೂ ಅಷ್ಟೇ. ಅವಲಕ್ಕಿಯ ತಾಟು ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿದ್ದಳು. "ಹುಡುಗಿ ಗಿಡ್ಡ ಅದಾಳ. ಕೈ ಕಡ್ಡಿ ಹಂಗ ಅದಾವ. ಮಾತಾಡಿದ್ರ ಕೇಳಸಂಗೇ ಇಲ್ಲ." ಯಶೋಧರಾಳ ತಾಯಿ ಒಳಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು. ಮರುದಿನವೇ ಒಪ್ಪಿಗೆ ಬಂತು. "ಅಷ್ಟು ಖೋಡಿ ತಗದಾಳಂದ್ರ ನೀ ಅಕೀಗೆ ಭಾಳ ಮನಸಿಗೆ ಬಂದೀ ಬೇ" ಎಂದು ಗಂಡಿನ ಊರು ಬಬಲೇಶ್ವರದ ಪರಿಚಯದವರೊಬ್ಬರು ಫೋನಿನಲ್ಲಿ ನಕ್ಕಿದ್ದರು.

ಇದನ್ನು ಅವಳು ಅಂಗಡಿಯಲ್ಲಿ ನೆನೆಯಬೇಕಿತ್ತು. ನೆನೆಯಲಿಲ್ಲ.

ಅವಳು ಉಳಿಸಿಕೊಳ್ಳಬೇಕೆಂದಿದ್ದದ್ದು ಒಂದು ತಾಸು. ಯಶೋಧರಾ ಜಲನಗರದ ಒಂದು ಹಲ್ಲಿನ ದವಾಖಾನೆಯಲ್ಲಿ ಟೋಕನ್ ಕೊಡುವ ಕೆಲಸಕ್ಕಿದ್ದಳು. ದಿನವಿಡೀ ದವಡೆ ಹಿಡಿದುಕೊಂಡು ಬಂದವರ ಎದುರು ಕೂತು, ಅವರ ಹೆಸರು, ಅವರ ಊರು, ಅವರ ನೋವು ಕೇಳಿ ಬರೆದುಕೊಂಡು, ಸಂಜೆ ಬಬಲೇಶ್ವರದ ಬಸ್ಸು ಹತ್ತಿ ಮನೆಗೆ ಹೋಗುವುದು. ಮನೆಯಲ್ಲಿ ಗಂಡ ಪ್ರತಾಪ, ಅತ್ತೆ ರುಕ್ಮವ್ವ. ಮದುವೆಯಾದ ಹೊಸದರಲ್ಲಿ ಒಮ್ಮೆ, ತಲೆ ಕೆಟ್ಟು ಹೋಗಿದ್ದ ಒಂದು ಸಂಜೆ, ಬೋರ್ಡು ನೋಡದೆ ಹತ್ತಿ ಕೂತ ಬಸ್ಸು ತಿಕೋಟಾಕ್ಕೆ ಹೊರಟಿತ್ತು. ಊರು ದಾಟಿದ ಮೇಲೆ ಅವಳಿಗೆ ತಿಳಿಯಿತು. ಇಳಿಯಬಹುದಿತ್ತು. ಇಳಿಯಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಎಲ್ಲಿಗೆ ಹೋದರೂ ಕಂಡಕ್ಟರ್ ಕೇಳುವುದು ಆಧಾರ್ ಕಾರ್ಡು ಒಂದನ್ನೇ. ಯಾಕೆ ಎಂದು ಕೇಳುವುದಿಲ್ಲ.

ತಿಕೋಟಾಕ್ಕೆ ಹೋಗಿ, ಅಲ್ಲಿಂದ ಬಬಲೇಶ್ವರದ ಬಸ್ಸು ಹಿಡಿದರೆ ಸುತ್ತಿ ಬಳಸಿ ಮನೆ ಸೇರಬಹುದು. ಒಂದು ತಾಸು ಹೆಚ್ಚಿಗೆ ಹಿಡಿಯುತ್ತದೆ. ಕಿಟಕಿಯ ಆಚೆ ದ್ರಾಕ್ಷಿ ತೋಟದ ಕಂಬಗಳು ಒಂದರ ಹಿಂದೊಂದು ಓಡುತ್ತವೆ. ಒಣದ್ರಾಕ್ಷಿ ಶೆಡ್ಡುಗಳ ಹಸಿರು ಬಲೆ ಗಾಳಿಗೆ ಉಬ್ಬುತ್ತದೆ, ಒಳಗಿನಿಂದ ಬೆಲ್ಲದಂಥ ಹುಳಿವಾಸನೆ ಬರುತ್ತದೆ. ಅವಳು ಅಲ್ಲಿ ಏನನ್ನೂ ಮಾಡುತ್ತಿರಲಿಲ್ಲ. ಯಾರನ್ನೂ ನೆನೆಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ವಿಜಯಪುರ ಬಿಟ್ಟಾಗಿದೆ, ಬಬಲೇಶ್ವರ ಇನ್ನೂ ಬಂದಿಲ್ಲ. ಭೂಮಿಯ ಮೇಲೆ ಯಾರಿಗೂ ಅವಳು ಎಲ್ಲಿದ್ದಾಳೆಂಬುದು ಗೊತ್ತಿಲ್ಲ. ಅದು ಎಷ್ಟು ದೊಡ್ಡ ಸಂಗತಿ ಎಂಬುದು ಅವಳಿಗೂ ಮೊದಲು ಗೊತ್ತಿರಲಿಲ್ಲ. ವಾರಕ್ಕೊಮ್ಮೆ, ಕೆಲವು ವಾರ ಎರಡು ಬಾರಿ, ಅವಳು ತಿಕೋಟಾ ಮೇಲಿಂದ ಮನೆಗೆ ಹೋಗತೊಡಗಿದಳು. "ದವಾಖಾನ್ಯಾಗ ತಡ ಆತು" ಎಂದರೆ ಸಾಕಿತ್ತು. ಅವಳ ಹತ್ತಿರ ಇದ್ದದ್ದು ಬಟನ್ ಫೋನು. ಅದಕ್ಕೆ ಕರೆ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಹತ್ತಿದರೂ ಅದು ದನಿಯನ್ನಷ್ಟೇ ಕೊಡುತ್ತಿತ್ತು, ಅವಳನ್ನು ಕೊಡುತ್ತಿರಲಿಲ್ಲ.

ಕಳೆದ ತಿಂಗಳು ಒಂದು ಸಂಜೆ ಬಬಲೇಶ್ವರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಮಗುಚಿತು. ಬಸ್ಸುಗಳು ಸಾಲುಗಟ್ಟಿ ನಿಂತವು. ಬಸ್ಸಿಗೂ ಪೆಟ್ಟಾಗಿದೆ ಎಂದು ಯಾರೋ ಊರಲ್ಲಿ ಹಬ್ಬಿಸಿದರು. ಪ್ರತಾಪ ಗಾಡಿ ಹತ್ತಿ ಓಡಿದ. ನಿಂತಿದ್ದ ಪ್ರತಿ ಬಸ್ಸಿನ ಪ್ರತಿ ಕಿಟಕಿಗೂ ಮುಖವೊಡ್ಡಿ "ಯಶೂ, ಯಶೂ" ಎಂದು ಕೂಗುತ್ತ ಹೋದ. ಯಾವ ಕಿಟಕಿಯಲ್ಲೂ ಅವಳಿರಲಿಲ್ಲ. ಆ ಹೊತ್ತಿಗೆ ಅವಳು ತಿಕೋಟಾ ಕಡೆಯಿಂದ ಬಂದು, ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಇಳಿದು, ಏನೂ ತಿಳಿಯದೆ ಮನೆಯತ್ತ ನಡೆಯುತ್ತಿದ್ದಳು. ಬಾಗಿಲಲ್ಲಿ ರುಕ್ಮವ್ವ ಕೂತು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಸುತ್ತ ಓಣಿಯ ಹೆಂಗಸರು. ದಾರಿ ಕಟ್ಟಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಯಶೋಧರಾ ಅದನ್ನೇ ಹಿಡಿದುಕೊಂಡಳು. "ಅದಕ್ಕ ತಿಕೋಟಾ ಮ್ಯಾಲಿಂದ ಬಂದೇರಿ ಅತ್ತಿ." ಸುಳ್ಳೊಳಗೆ ಕೂತಿದ್ದ ಒಂದೇ ಒಂದು ನಿಜ ಅದು. "ಶ್ಯಾಣ್ಯಾಕಿ ನನ್ನ ಸೊಸಿ" ಎಂದು ರುಕ್ಮವ್ವ ಅವಳನ್ನು ತಬ್ಬಿಕೊಂಡಳು.

ಪ್ರತಾಪ ಮರಳಿ ಬಂದಾಗ ಅವನ ಅಂಗಿಯ ತುಂಬ ಕಬ್ಬಿನ ಸೋಗೆಯ ಚೂರುಗಳಿದ್ದವು. ನೀರು ಕುಡಿದ. ಆಮೇಲೆ ಹೇಳಿದ: "ನಿನಗೊಂದು ಛಲೋ ಫೋನ್ ತಗೋಬೇಕು. ಎಲ್ಲಿದಿ ಅನ್ನೂದರ ತಿಳೀತೈತಿ."

ಅವನ ಮುಖ ನೋಡಿ ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಪ್ರತಾಪ ಹೈಸ್ಕೂಲಿನಲ್ಲಿ ಗುಮಾಸ್ತ. ಊಟವಾದ ಮೇಲೆ ಗೋಡೆಗೊರಗಿ ಫೋನುಗಳ ವಿಮರ್ಶೆಯ ವಿಡಿಯೊ ನೋಡುವುದು ಅವನ ಒಂದೇ ಚಟ. ಯಾವ ಫೋನಿನ ಹೊಟ್ಟೆಯಲ್ಲಿ ಯಾವ ಚಿಪ್ಪಿದೆ, ಯಾವುದರ ಕ್ಯಾಮೆರಾ ಕತ್ತಲಲ್ಲಿ ಕುರುಡು, ಎಲ್ಲ ಅವನಿಗೆ ಬಾಯಿಪಾಠ. ಆದರೆ ಅವನ ಕೈಯಲ್ಲಿದ್ದ ಫೋನಿನ ಗಾಜು ಬಿರುಕು ಬಿಟ್ಟು ವರ್ಷವಾಗಿತ್ತು. ಎಲ್ಲ ನೋಡಿ ಮುಗಿದ ಮೇಲೆ ಅವನು ಕೇಳುವ ಪ್ರಶ್ನೆ ಒಂದೇ: "ವರ್ತ್ ಐತೇನು?" ವಿಡಿಯೊದವರಿಂದ ಕಲಿತ ಮಾತು ಅದು. ಬದನೆಕಾಯಿಗೂ ಕೇಳುವನು, ಹೊಸ ಗಾದಿಗೂ ಕೇಳುವನು. ಮೂಲೆಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದ ಯಶೋಧರಾಳ ಕಿವಿಗೆ ಆ ವಿಡಿಯೊಗಳೆಲ್ಲ ಬಿದ್ದು ಬಿದ್ದು, ಅವಳಿಗೂ ಅರ್ಧ ವಿದ್ಯೆ ಬಂದಿತ್ತು. ಆ ವಿದ್ಯೆಯನ್ನೇ ನಂಬಿಕೊಂಡು ಅವಳು ಅತ್ತೆ, ಗಂಡನ ಜತೆ ಅಂಗಡಿಯ ಮೆಟ್ಟಿಲು ಹತ್ತಿದಳು.

ಅಂಗಡಿ ಅಬ್ದುಲಸಮದರದು. ಗಡ್ಡಕ್ಕೆ ಮೆಹಂದಿ ಹಚ್ಚಿಕೊಂಡ, ನಿಧಾನ ಮಾತಿನ ಮನುಷ್ಯ. ಮೊದಲು ಅದೇ ಜಾಗದಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದರು. ಅದಕ್ಕೇ ಏನೋ, ಫೋನನ್ನೂ ಕೈಗಡಿಯಾರದಂತೆ ಎರಡು ಬೆರಳಲ್ಲಿ ಎತ್ತಿ ಮಖಮಲ್ಲಿನ ಬಟ್ಟೆಯ ಮೇಲೆ ಇಡುತ್ತಿದ್ದರು.

"ಬರ್ರಿ ಅವ್ವಾರ, ಕುಂಡ್ರಿ. ಸರ್ ಹೇಳಿದ್ದ ಮಾಲ್ ಇದ ನೋಡ್ರಿ. ಇದರಾಗ ಇಲ್ಲದ್ದು ಏನೂ ಇಲ್ಲ."

"ಇಲ್ಲದ್ದು ಇಲ್ಲಂದ್ರ ಅದೂ ಒಂದು ಖೋಡೀನ" ಎಂದಳು ರುಕ್ಮವ್ವ ಕುರ್ಚಿಯಲ್ಲಿ ಕಾಲು ಮಡಚಿ ಕೂರುತ್ತ. "ಏನ್ ಬೇ ಯಶೋಧರಾ, ನೋಡು."

ಅವಳು ಫೋನನ್ನು ಎತ್ತಿಕೊಂಡಳು. ತಣ್ಣಗಿತ್ತು. ಒಳಗೆ ಏನೋ ಉಸಿರು ಹಿಡಿದು ಕೂತಂತಿತ್ತು.

"ಭಾಳ ವಜ್ಜಾ ಐತ್ರಿ. ಕೈ ಸೋಲತೈತಿ."

"ದೊಡ್ಡ ಬ್ಯಾಟರಿ ತಂಗೆವ್ವಾ. ವಜ್ಜಾ ಇರಬೇಕಲ್ಲ."

"ಹಿಂದ ಕ್ಯಾಮೆರಾ ಉಬ್ಬೇತಿ. ಮೇಜಿನ ಮ್ಯಾಲ ಇಟ್ಟು ಒತ್ತಿದ್ರ ಕುಂಟತೈತಿ ನೋಡ್ರಿ." ಇಟ್ಟು ಒತ್ತಿ ತೋರಿಸಿದಳು. ಫೋನು ಟಕ್ ಟಕ್ ಎಂದು ಕುಂಟಿತು.

ಅಬ್ದುಲಸಮದ ನಕ್ಕು ಡ್ರಾವರಿನಿಂದ ದಪ್ಪನೆಯ ಒಂದು ಕವಚ ತೆಗೆದಿಟ್ಟರು. "ಇದು ಹಾಕಿದ್ರ ಕುಂಟು ಹೋತು. ಇದು ನನ್ನ ಕಡಿಂದ."

"ಗಾಜು ಅಂಚಿನಾಗ ಬಾಗೇತಿ. ಕೈ ಜಾರಿದ್ರ ಮೊದಲ ಇದ ಒಡೀತೈತಿ."

"ಮ್ಯಾಲೊಂದು ಗಾಜು ಕುಂಡ್ರಸತೇನಿ. ಅದೂ ನನ್ನ ಕಡಿಂದ."

ಪ್ರತಾಪ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡುತ್ತಿದ್ದ. ರುಕ್ಮವ್ವ ಗಂಭೀರವಾಗಿ ಗೋಡೆ ನೋಡುತ್ತಿದ್ದಳು, ಆದರೆ ಅವಳ ತುಟಿಯ ಕೊನೆ ಅದುರುತ್ತಿತ್ತು.

ಯಶೋಧರಾ ಕ್ಯಾಮೆರಾ ತೆರೆದು ಅತ್ತೆಯದೇ ಒಂದು ಫೋಟೊ ಹೊಡೆದಳು. ಫೋನಿನ ಬುದ್ಧಿವಂತಿಕೆ ತನ್ನ ಕೆಲಸ ಮಾಡಿತ್ತು: ಮುಖದ ಗೆರೆಗಳೆಲ್ಲ ಮಾಯವಾಗಿ, ಬಣ್ಣ ಬಿಳುಪಾಗಿ, ಪರದೆಯ ಮೇಲೆ ಯಾರೋ ಸಾಹುಕಾರರ ಮನೆಯ ಹೆಂಗಸು ಕೂತಿದ್ದಳು.

"ಯಾರ ಬೇ ಇಕಿ?" ರುಕ್ಮವ್ವ ಕಣ್ಣು ಕಿರಿದಾಗಿಸಿದಳು.

"ನೀವರಿ ಅತ್ತಿ. ನೋಡ್ರಿ, ಇರೂ ಮಾರಿ ಇದ್ದಂಗ ತೋರಸಂಗಿಲ್ಲ ಇದು. ಸುಳ್ಳ ಹೇಳತೈತಿ."

"ಸುಳ್ಳಾದ್ರೂ ಛಂದ ಹೇಳತೈತಲ್ಲ! ಇರಲಿ, ಅದನ್ನ ಅಳಿಸಬ್ಯಾಡ."

ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳೂ ನಕ್ಕರು. ಅಬ್ದುಲಸಮದ ಒಂದು ಗುಂಡಿ ಒತ್ತಿ ಇನ್ನೊಂದು ಫೋಟೊ ಹೊಡೆದು ತೋರಿಸಿದರು. ಈಗ ಪ್ರತಿ ಗೆರೆಯೂ ಸ್ಪಷ್ಟವಾಗಿತ್ತು. "ನಿಜಾನೂ ಹೇಳತೈತ್ರಿ ಅವ್ವಾರ. ಯಾವದು ಬೇಕು ನೀವ ಹೇಳ್ರಿ."

ಯಶೋಧರಾ ಬಿಡಲಿಲ್ಲ. ನಮ್ಮ ಊರಲ್ಲಿ ನೆಟವರ್ಕು ಹುಡುಕಿ ಹುಡುಕಿಯೇ ಇದರ ಬ್ಯಾಟರಿ ಸಾಯುತ್ತದೆ ಎಂದಳು. ಅಬ್ದುಲಸಮದ ಪವರ್ ಬ್ಯಾಂಕ್ ತಂದಿಟ್ಟರು. ಬೇಡದ ಆಪುಗಳೇ ಅರ್ಧ ತುಂಬಿವೆ ಎಂದಳು. ಅವರು ಅಲ್ಲೇ ಕೂತು ಒಂದೊಂದಾಗಿ ಕಿತ್ತುಹಾಕಿದರು. ಎಷ್ಟು ವರ್ಷ ಅಪಡೇಟು ಬರುತ್ತವೆ ಎಂದು ಕಂಪನಿ ಖಾತ್ರಿ ಕೊಟ್ಟಿಲ್ಲವಲ್ಲ ಎಂದಳು. ಪ್ರತಾಪ ತೊಡೆ ತಟ್ಟಿಕೊಂಡ. "ಇದು ನನಗೂ ಹೊಳದಿದ್ದಿಲ್ಲ ನೋಡ್ರಿ ಚಾಚಾ!" ಅಬ್ದುಲಸಮದ ಆ ಖೋಡಿಗೆ ಉತ್ತರ ಕೊಡಲಾಗದೆ ರೇಟನ್ನೇ ಇಳಿಸಿದರು.

ಮೇಜಿನ ಮೇಲೆ ಅವಳ ಖೋಡಿಗಳೆಲ್ಲ ಸಾಮಾನುಗಳಾಗಿ ಗುಡ್ಡೆ ಬಿದ್ದಿದ್ದವು: ಕವಚ, ಗಾಜು, ಪವರ್ ಬ್ಯಾಂಕು, ಕಿವಿಗೆ ಸಿಕ್ಕಿಸುವ ಎರಡು ಬಿಳಿ ಗುಂಡಿಗಳು. ಒಂದೊಂದು ಮಾತಿಗೂ ಅವಳ ಸುತ್ತಲಿನ ಗೋಡೆಗೆ ಒಂದೊಂದು ಇಟ್ಟಂಗಿ ಏರಿದಂತೆ.

ಕೊನೆಗೆ ಅವಳು ನಿಜಕ್ಕೆ ತೀರ ಹತ್ತಿರ ಹೋದಳು. "ಇದರಾಗ ಲೊಕೇಶನ್ ಅಂತೂ ಬರೇ ತಪ್ಪ ತೋರಸತೈತ್ರಿ. ವಿಡಿಯೋದಾಗ ಹೇಳ್ಯಾರ. ಇಲ್ಲಿದ್ದವರನ್ನ ಮತ್ತೆಲ್ಲೋ ತೋರಸತೈತಂತ."

"ಹೌದೇನು?" ಅಬ್ದುಲಸಮದರಿಗೆ ಮೊದಲ ಬಾರಿಗೆ ಸಣ್ಣ ನೋವಾದಂತಿತ್ತು. ನಕಾಶೆ ತೆರೆದು ಅವಳ ಮುಂದೆ ಹಿಡಿದರು. ನೀಲಿ ಚುಕ್ಕಿಯೊಂದು ಒಮ್ಮೆ ಅಗಲವಾಗಿ, ಒಮ್ಮೆ ಕಿರಿದಾಗಿ, ಕಣ್ಣು ಹೊಂದಿಸಿಕೊಳ್ಳುವಂತೆ ಅತ್ತಿತ್ತ ನೋಡಿ, ನಿಂತಿತು. "ಇದು ಗುಡಿ. ಇದು ನಮ್ಮ ಸಾಲು. ಇದು ನನ್ನ ಅಂಗಡಿ. ಈ ಚುಕ್ಕಿ ನೀವು. ಕುರ್ಚಿ ತನಕ ತಪ್ಪಿಲ್ಲ."

"ಅಬ್ಬಬ್ಬಾ" ಎಂದಳು ರುಕ್ಮವ್ವ.

"ಇಷ್ಟು ಖೋಡಿ ತಗದ ಗಿರಾಕಿ ಬರಿಗೈಲೆ ಹೋದ್ರ ನನ್ನ ಅಂಗಡಿ ಮರ್ಯಾದಿ ಏನಾತ್ರಿ ಸರ್?" ಎಂದರು ಅಬ್ದುಲಸಮದ. "ತಂಗೆವ್ವಾಗ ಇದು ಹೆಂಗ ಮನಸಿಗೆ ಬಂದೈತಿ ಅನ್ನೂದು ನನಗ ಗೊತ್ತಾತು. ಒಯ್ರಿ."

ಆಗ ಅವಳಿಗೆ ನೆನಪಾಯಿತು. ಅವಲಕ್ಕಿಯ ತಾಟು. ಗಿಡ್ಡ ಅದಾಳ, ಕೈ ಕಡ್ಡಿ ಹಂಗ ಅದಾವ. ಬೇಡವಾದದ್ದಕ್ಕೆ ಇಲ್ಲಿ ಯಾರೂ ಖೋಡಿ ತೆಗೆಯುವುದಿಲ್ಲ. ಛಲೋ ಐತಿ ಎಂದು ಎದ್ದು ಹೋಗುತ್ತಾರೆ. ಎರಡೇ ಮಾತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪ್ರತಾಪ ಫೋನನ್ನು ಅವಳ ಮುಖದ ಎದುರು ಹಿಡಿದಿದ್ದ. ಪರದೆಯ ಮೇಲೆ ಒಂದು ಗುಂಡನೆಯ ಗೆರೆ, ಅದರೊಳಗೆ ಅವಳ ಮುಖ.

"ಮಾತಾಡಬ್ಯಾಡ, ಮಾರಿ ಅಲ್ಲಾಡತೈತಿ. ಬಲಕ್ಕ ಹೊರಳು. ಎಡಕ್ಕ. ಸ್ವಲ್ಪ ಮ್ಯಾಲ. ಇನ್ನ ನಿನ್ನ ಮಾರಿ ನೋಡಿದ್ರನ ಇದು ತೆರೀತೈತಿ."

ಅವಳು ಬಲಕ್ಕೆ ಹೊರಳಿದಳು. ಎಡಕ್ಕೆ ಹೊರಳಿದಳು. ಗೆರೆ ಹಸಿರಾಗಿ ಸುತ್ತು ಮುಗಿಸಿತು.

ಮನೆಗೆ ಬಂದು ರುಕ್ಮವ್ವ ಡಬ್ಬಿಯನ್ನು ಬುದ್ಧನ ಪಟದ ಮುಂದಿಟ್ಟು ಕೈಮುಗಿದಳು. ಓಣಿಯ ಹೆಂಗಸರಿಗೆ ವ್ಯಾಪಾರದ ಕಥೆ ಹೇಳಿದಳು, ಹೇಳಿದಷ್ಟು ಸಲವೂ ಖೋಡಿಗಳು ಹೆಚ್ಚಾದವು. "ಆ ಸಾಬರು ಕೈ ಮುಗದ್ರು ನೋಡು. ನಾನ ಇಷ್ಟ ತಗದಿಲ್ಲ ಜನ್ಮದಾಗ." ಪ್ರತಾಪ ಅವಳ ಫೋನನ್ನೂ ತನ್ನ ಬಿರುಕು ಗಾಜಿನ ಫೋನನ್ನೂ ಪಕ್ಕಪಕ್ಕ ಇಟ್ಟು ಏನೇನೋ ಒತ್ತಿದ. ಈಗ ಅವನ ಪರದೆಯ ಮೇಲೆ ಅವಳ ಚುಕ್ಕಿ ಬಂತು. ಅದಕ್ಕೆ ಮದುವೆಯ ಫೋಟೊದ ಅವಳ ಮುಖವನ್ನೇ ಅಂಟಿಸಿದ. "ಇನ್ನ ನಾ ಮ್ಯಾಲಿಂದ ಮ್ಯಾಲ ಫೋನ್ ಮಾಡಿ 'ಎಲ್ಲಿದಿ' ಅಂತ ಕೇಳಿ ನಿನಗ ಕಾಡಂಗಿಲ್ಲ" ಎಂದ. ಅವನು ಅದನ್ನು ಒಂದು ಉಡುಗೊರೆಯಂತೆ ಹೇಳಿದ. ಹೇಳಿದಂತೆಯೇ ನಡೆದುಕೊಂಡ. ಕೇಳುವುದನ್ನೇ ಬಿಟ್ಟುಬಿಟ್ಟ.

ಅದೇ ಕಷ್ಟವಾಯಿತು. ಕೇಳಿದರೆ ಸುಳ್ಳು ಹೇಳಬಹುದು. ಕೇಳದವನಿಗೆ ಏನು ಹೇಳುವುದು?

ರುಕ್ಮವ್ವ ಮಾತ್ರ ದಿನಾ ಸಂಜೆ ಕೇಳುವಳು. "ಫೋನ್ ಹೆಂಗೈತಿ ಬೇ?" ಯಶೋಧರಾ "ಬಿಸಿ ಆಗತೈತ್ರಿ" ಅನ್ನುವಳು, "ಬೆಳಕ ಹೆಚ್ಚರಿ" ಅನ್ನುವಳು. ರುಕ್ಮವ್ವ ತೃಪ್ತಿಯಿಂದ ತಲೆಯಾಡಿಸಿ ಒಳಗೆ ಹೋಗುವಳು.

ಕೆಲವು ದಿನ ಅವಳು ನೆಟ್ಟಗೆ ಬಬಲೇಶ್ವರದ ಬಸ್ಸನ್ನೇ ಹತ್ತಿದಳು. ಚುಕ್ಕಿ ಹೋಗಬೇಕಾದ ದಾರಿಯಲ್ಲೇ ಹೋಯಿತು. ಆ ದಾರಿಯಲ್ಲೂ ಕಿಟಕಿ ಇತ್ತು, ಹೊಲ ಇತ್ತು, ಗಾಳಿ ಇತ್ತು. ಆದರೆ ಅವಳು ಹೊರಗೆ ನೋಡುವಾಗಲೆಲ್ಲ ಯಾರೋ ಮೇಲಿನಿಂದ ಅವಳು ನೋಡುವುದನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಬಸ್ಸು ಕುಲುಕಿದರೆ ಪ್ರತಾಪನ ಕೈಯಲ್ಲೂ ತಾನು ಕುಲುಕಿರಬಹುದು. ಎಲ್ಲೋ ಚಾಕ್ಕೆ ನಿಂತರೆ ಅಲ್ಲೂ ನಿಂತಿರುತ್ತಾಳೆ.

ಒಂದು ಸಂಜೆ ಫೋನನ್ನು ದವಾಖಾನೆಯ ಡ್ರಾವರಿನಲ್ಲಿಟ್ಟು ಹೊರಟಳು. ಚುಕ್ಕಿ ಜಲನಗರದಲ್ಲೇ ಇರಲಿ, ತಾನು ಹೋಗುವುದು ಎಂದು. ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೂ ಆಗಿತ್ತು. ಅಷ್ಟರಲ್ಲಿ ಜತೆ ಕೆಲಸದ ದಾನೇಶ್ವರಿ ಆಟೊದಿಂದ ಜಿಗಿದು ಸ್ಟ್ಯಾಂಡಿನ ಉದ್ದಕ್ಕೂ ಓಡಿ ಬಂದಳು. ಕೈಯಲ್ಲಿ ಫೋನು. "ಲೇ ಹುಚ್ಚಿ, ಇಂಥಾ ಫೋನ್ ಬಿಟ್ಟ ಬಂದೀಯಲ್ಲ! ನಾ ಆಗಿದ್ರ ರಾತ್ರಿ ಹಾಸಿಗ್ಯಾಗ ಇಟಗೊಂಡ ಮಲಗತಿದ್ದೆ." ಆಮೇಲೆ ಬಸ್ಸಿನ ಬೋರ್ಡು ನೋಡಿದಳು. "ಇದು ತಿಕೋಟಾದ್ದಲ್ಲೇನ? ಇಳಿ, ಇಳಿ! ನಿನ್ನ ಬಸ್ ಅಕಾ ಅಲ್ಲಿ ನಿಂತೈತಿ." ಯಶೋಧರಾ ಇಳಿದಳು. ದಾನೇಶ್ವರಿ ಅವಳನ್ನು ಬಬಲೇಶ್ವರದ ಬಸ್ಸಿನೊಳಗೆ ಕೂರಿಸಿಯೇ ಹೋದಳು.

ಫೋನು ಬಂದ್ ಮಾಡಿಟ್ಟರೆ? ಪ್ರತಾಪ ಗಾಡಿ ಹತ್ತುತ್ತಾನೆ. ಪ್ರತಿ ಬಸ್ಸಿನ ಪ್ರತಿ ಕಿಟಕಿಗೂ ಮುಖ ಒಡ್ಡುತ್ತಾನೆ. ಅಂಗಿಯ ತುಂಬ ಕಬ್ಬಿನ ಸೋಗೆ. ಅದೊಂದನ್ನು ಅವಳು ಇನ್ನೊಮ್ಮೆ ಮಾಡಲಾರಳು.

ಹಾಗಾಗಿ ಉಳಿದದ್ದು ಒಂದೇ. ಒಂದು ಗುರುವಾರ ಅವಳು ಫೋನನ್ನು ಚಾಲೂ ಇಟ್ಟುಕೊಂಡೇ ತಿಕೋಟಾದ ಬಸ್ಸು ಹತ್ತಿದಳು. ನೋಡಲಿ. ನೋಡಿ ಕೇಳಲಿ. ಕೇಳಿದರೆ ಹೇಳಿಬಿಡುವುದು. ಹೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ಉರುಳಿಸಿದಳು: ನನಗ ಒಂದ ತಾಸ ಬೇಕು. ಯಾರಿಗೂ ಗೊತ್ತಿಲ್ಲದ್ದು. ಅಷ್ಟ. ಎಷ್ಟು ಸಲ ಹೇಳಿಕೊಂಡರೂ ಅದು ಏನೋ ಪಾಪ ಮಾಡಿ ಬಂದವಳ ಮಾತಿನಂತೆಯೇ ಕೇಳುತ್ತಿತ್ತು. ದ್ರಾಕ್ಷಿಯ ಕಂಬಗಳು ಬಂದವು, ಹೋದವು. ಹಸಿರು ಬಲೆ ಉಬ್ಬಿತು. ಅವಳು ಅದ್ಯಾವುದನ್ನೂ ನೋಡಲಿಲ್ಲ. ತೊಡೆಯ ಮೇಲಿನ ಫೋನನ್ನೇ ನೋಡುತ್ತ ಕೂತಿದ್ದಳು. ಅದು ರಿಂಗಾಗಲಿಲ್ಲ. ಅವಳ ಮುಖ ಕಂಡಾಗಲೆಲ್ಲ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ತಿಕೋಟಾ ಸ್ಟ್ಯಾಂಡಿನೊಳಗೆ ಬಸ್ಸು ಹೊರಳಿದಾಗ ಕಿಟಕಿಯ ಕೆಳಗೆ ಪ್ರತಾಪ ನಿಂತಿದ್ದ. ಕೂದಲೆಲ್ಲ ಗಾಳಿಗೆ ಹಿಂದಕ್ಕೆ ಹೋಗಿ, ಕಣ್ಣು ಕೆಂಪಾಗಿ, ಧೂಳು ಮೆತ್ತಿದ ಮುಖದ ತುಂಬ ನಗು.

"ಯಶೂ! ಇಳಿ ಇಳಿ! ಬ್ಯಾಗ್ ಇತ್ತಾಗ ಕೊಡು."

ಇಳಿದಳು.

"ನಿದ್ದಿ ಹತ್ತಿತ್ತೇನು? ತಪ್ಪ ಬಸ್ ಹತ್ತೀದಿ ನೀ. ಚುಕ್ಕಿ ತಿಕೋಟಾ ರೋಡ್ ಹಿಡಿದಿದ್ದ ನೋಡಿ ನನ್ನ ಎದಿ ಧಸಕ್ಕಂತು. ಫೋನ್ ಮಾಡಿದ್ರ ಅಂಜತೀ ಅಂತ ಮಾಡಲಿಲ್ಲ. ಬಬಲೇಶ್ವರದಿಂದ ಒಂದ ಉಸಿರಿಗೆ ಬಂದೇನಿ ನೋಡು." ಅವಳನ್ನು ಚಾದ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಚಾ ಸೋಸುತ್ತಿದ್ದವನಿಗೂ ಕೇಳುವಂತೆ ಹೇಳಿದ: "ಈ ಫೋನ್ ಇರದಿದ್ರ ಇವತ್ತ ಇಕಿ ಎಲ್ಲಿ ಹೋಗಿ ಮುಟ್ಟತಿದ್ಲೋ ಏನೋ!"

"ಈಗಿನ ಫೋನ್ ಅಂದ್ರ ಹಂಗರೀ" ಎಂದ ಚಾದವನು.

ಚಾ ಬಂತು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾ ತಪ್ಪಿ ಹತ್ತಿಲ್ಲರಿ" ಎಂದಳು. "ಬೇಕಂತ ಹತ್ತೀನಿ."

"ಬೇಕಂತ?" ಅವನ ನಗು ಇನ್ನೂ ಮುಖದ ಮೇಲೇ ಇತ್ತು, ಎಲ್ಲಿ ಹೋಗಬೇಕೆಂದು ತಿಳಿಯದೆ. "ತಿಕೋಟಾದಾಗ ಏನ ಕೆಲಸ?"

"ಏನೂ ಇಲ್ಲ."

"ಯಾರರ ಅದಾರೇನು ಇಲ್ಲೆ?"

"ಯಾರೂ ಇಲ್ಲ."

"ಮತ್ತ ಯಾಕ?"

ದಾರಿಯುದ್ದಕ್ಕೂ ಉರುಳಿಸಿಕೊಂಡು ಬಂದ ಮಾತು ಈಗ ಸಿಗಲಿಲ್ಲ. "ಕಿಟಕಿ ಹಂತೇಕ ಕುಂಡ್ರಾಕ" ಎಂದಳು.

ಪ್ರತಾಪ ಯೋಚಿಸಿದ. ಅವನು ಕೆಟ್ಟವನಲ್ಲ; ಫೋನೊಂದನ್ನು ಅಳೆಯುವಾಗ ಹಾಕುವಷ್ಟೇ ಶ್ರದ್ಧೆಯಿಂದ, ಹುಬ್ಬು ಗಂಟಿಕ್ಕಿ, ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. "ಬಬಲೇಶ್ವರದ ಬಸ್ಸಿನಾಗೂ ಕಿಟಕಿ ಇರ್ತಾವಲ್ಲ?"

"ಇರ್ತಾವ."

ಇಬ್ಬರೂ ಚಾ ಕುಡಿದರು. ಆಮೇಲೆ ಅವನ ಮುಖ ಒಮ್ಮೆಲೇ ಬೆಳಗಿತು. "ತಿಳೀತು ಬಿಡು. ತಿರಗಾಡಬೇಕು ಅನಸೇತಿ ನಿನಗ. ಮನಿ, ದವಾಖಾನಿ, ಮನಿ, ದವಾಖಾನಿ. ಬ್ಯಾಸರಾಗಂಗಿಲ್ಲೇನು? ಹೇಳಬೇಕಿಲ್ಲೋ ಹುಚ್ಚಿ! ರವಿವಾರಕ್ಕೊಮ್ಮಿ ಗಾಡಿ ಮ್ಯಾಲ ಮಮದಾಪುರ ಕೆರಿ ತನಕ ಹೋಗಿ ಬರೂಣು. ನಾ ಕರಕೊಂಡ ಹೋಗತೇನಿ. ಪ್ರತಿ ರವಿವಾರ." ಅವಳ ಕೈಯಿಂದ ಫೋನು ತೆಗೆದುಕೊಂಡು ಅಂಗಿಯ ತುದಿಯಿಂದ ಅದರ ಗಾಜು ಒರೆಸಿದ. "ಅಂತೂ ವರ್ತ್ ಆತಲ್ಲ?"

ಅವಳು ಉತ್ತರಿಸುವ ಮೊದಲೇ ಫೋನು ಕುಣಿಯಿತು. ಪಕ್ಕದ ಮನೆಯ ಮಾಲಾಳ ನಂಬರು. ರುಕ್ಮವ್ವ ಅವಳ ಫೋನಿನಿಂದ ವಿಡಿಯೊ ಕರೆ ಮಾಡಿಸಿದ್ದಳು. ಪರದೆಯ ತುಂಬ ಒಂದು ಗದ್ದ, ಅದರ ಮೇಲೆ ಅರ್ಧ ಬಾಯಿ.

"ಸಿಕ್ಕಳೇನೋ?"

"ಸಿಕ್ಕಾಳವಾ. ತಗೋ ಮಾತಾಡು."

"ಜೀವ ಹೋಗಿತ್ತಲ್ಲ ಬೇ ನನ್ನದು. ತಪ್ಪ ಬಸ್ ಹತ್ತೂದಂದ್ರೇನು, ಕಣ್ಣಿಲ್ಲೇನ ನಿನಗ? ಇರಲಿ ಬಿಡು. ಈಗರ ಹೇಳು, ಫೋನ್ ಹೆಂಗೈತಿ?"

ಯಶೋಧರಾ ಆ ಗದ್ದವನ್ನು ನೋಡಿದಳು. ಬಿಸಿ ಆಗತೈತಿ ಅನ್ನಬಹುದಿತ್ತು. ಬೆಳಕು ಹೆಚ್ಚು ಅನ್ನಬಹುದಿತ್ತು.

"ಛಲೋ ಐತ್ರಿ" ಎಂದಳು.

ಗದ್ದ ಅಲುಗಾಡುವುದನ್ನು ನಿಲ್ಲಿಸಿತು. ನೆಟವರ್ಕು ನಿಂತಿತೆಂದು ಅವಳು ತಿಳಿದಳು. ಆದರೆ ಹಿಂದೆ ತಂತಿಯ ಮೇಲೆ ಒಣಹಾಕಿದ ಸೀರೆ ಗಾಳಿಗೆ ಆಡುತ್ತಲೇ ಇತ್ತು. ನಿಧಾನವಾಗಿ ಗದ್ದ ಕೆಳಗಿಳಿದು, ಪರದೆಯ ಮೇಲೆ ರುಕ್ಮವ್ವನ ಎರಡು ಕಣ್ಣು ಬಂದವು.

"ಏನಂದಿ?"

"ಛಲೋ ಐತ್ರಿ ಅತ್ತಿ. ಭಾಳ ಛಲೋ ಐತಿ."

ಪ್ರತಾಪ ಚಾದವನಿಗೆ ಚಿಲ್ಲರೆ ಕೊಡುತ್ತಿದ್ದ. ಆ ಎರಡು ಕಣ್ಣು ಸೊಸೆಯನ್ನು ನೋಡಿದವು, ಅವಳ ಹಿಂದೆ ನಿಂತಿದ್ದ ಬಸ್ಸನ್ನು ನೋಡಿದವು, ಮತ್ತೆ ಸೊಸೆಯನ್ನು ನೋಡಿದವು. ಕಬ್ಬಿನ ಟ್ರ್ಯಾಕ್ಟರಿನ ಆ ಸಂಜೆಯನ್ನೂ ನೋಡಿದವೋ ಏನೋ.

"ಪ್ರತಾಪಾ" ಎಂದಳು ರುಕ್ಮವ್ವ.

"ಏನವಾ?"

"ತಿಕೋಟಾದಾಗ ಒಣದ್ರಾಕ್ಷಿ ಛಲೋ ಸಿಗತಾವಂತಲ್ಲೋ."

"ಈಗ ತರ್ತೇನಿ ತಗೋ. ಇಲ್ಲೇ ಅದಾವ."

"ನಿನಗ ಹೇಳಿಲ್ಲ. ನಿನಗೇನ ತಿಳೀತೈತಿ ದ್ರಾಕ್ಷಿ? ಅಕಿ ತರಲಿ. ಅಕೀಗೆ ಖೋಡಿ ತಗ್ಯಾಕ ಬರತೈತಿ. ಮುಂದಿನ ವಾರ ದವಾಖಾನಿ ಬಿಟ್ಟ ಮ್ಯಾಲ ಅಲ್ಲಿ ಮ್ಯಾಲಿಂದ ಬರಲಿ. ಬಸ್ಸಿನಾಗ."

"ಬಸ್ ಯಾಕವಾ, ನಾ ಗಾಡಿ ತಗೊಂಡ ಬಂದು..."

"ನೀ ಸುಮ್ನಿರು. ಒಮ್ಮಿಗೇ ಮನಸಿಗೆ ಬರೂ ದ್ರಾಕ್ಷಿ ಸಿಗಂಗಿಲ್ಲ. ನಾಕಾರ ಸಲ ಬರಬೇಕಾಗತೈತಿ." ಕಣ್ಣುಗಳು ಮಾಯವಾಗಿ ಮತ್ತೆ ಗದ್ದ ಬಂತು. "ಕತ್ತಲಾಗೂದರಾಗ ಬರ್ರಿ."

ಪರದೆ ಆರಿತು. ತನ್ನದೇ ಮುಖ ಕಂಡಿತು, ಫೋನು ತೆರೆದುಕೊಂಡಿತು.

ಯಶೋಧರಾಳಿಗೆ ಅಳು ಬಂದಿತೋ ನಗು ಬಂದಿತೋ ತಿಳಿಯಲಿಲ್ಲ. ಮುಂದಿನ ವಾರ ಅವಳು ಈ ಬಸ್ಸಿನಲ್ಲೇ ಬರುತ್ತಾಳೆ. ಚುಕ್ಕಿ ತಿಕೋಟಾದಲ್ಲಿ ನಿಲ್ಲುತ್ತದೆ, ಯಾರೂ ಗಾಬರಿಯಾಗುವುದಿಲ್ಲ. ಕೈಯಲ್ಲಿ ದ್ರಾಕ್ಷಿಯ ಚೀಲ ಇರುತ್ತದೆ. ಮನೆಗೆ ಹೋದ ಮೇಲೆ ಹುಳಿಯೋ ಸಿಹಿಯೋ ಎಂದು ಹೇಳಬೇಕಾಗುತ್ತದೆ. ಯಾರಿಗೂ ಗೊತ್ತಿಲ್ಲದೆ ಇದ್ದ ತಾಸು ಹೋಯಿತು. ಅದರ ಜಾಗದಲ್ಲಿ ಅತ್ತೆ ಕೊಟ್ಟ ತಾಸು ಬಂತು. ಕೊಟ್ಟದ್ದನ್ನು ಇಸಿದುಕೊಳ್ಳದೆ ಬೇರೆ ದಾರಿಯಿರಲಿಲ್ಲ.

"ಯವ್ವಾಂದು ಒಂದೊಂದು" ಎಂದು ನಗುತ್ತ ಪ್ರತಾಪ ಗಾಡಿಗೆ ಕಿಕ್ ಹೊಡೆದ. ಅವಳು ಹಿಂದೆ ಕೂತಳು.

ಬಬಲೇಶ್ವರದ ಬಸ್ಸು ಅವರಿಗಿಂತ ಮೊದಲು ಹೊರಟಿತ್ತು. ಊರು ದಾಟಿದ ಮೇಲೆ ದಾರಿ ಸಣ್ಣದು. ಬಹಳ ದೂರ ಅವರು ಅದರ ಹಿಂದೆಯೇ, ಅದರ ಧೂಳಿನಲ್ಲೇ ಹೋದರು. ಎದುರಿಗೆ ಯಾರೂ ಇಲ್ಲವೆಂದು ಕಂಡ ಕೂಡಲೇ ಪ್ರತಾಪ ಹಾರ್ನು ಹೊಡೆದು ಮುಂದೆ ನುಗ್ಗಿದ. ಬಸ್ಸಿನ ಮಗ್ಗುಲಿಗೆ ಬಂದಾಗ ಯಶೋಧರಾ ತಲೆ ಎತ್ತಿದಳು. ಅವಳು ಯಾವಾಗಲೂ ಕೂರುತ್ತಿದ್ದ ಕಿಟಕಿಯಲ್ಲಿ ಯಾರೋ ಹೆಂಗಸು ಸರಳಿಗೆ ಹಣೆಯಾನಿಸಿ ಕೂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಇವರನ್ನು ನೋಡಲೂ ಇಲ್ಲ.

"ಗಟ್ಯಾಗಿ ಹಿಡಕೋ" ಎಂದ ಪ್ರತಾಪ.

ಅವಳು ಹಿಡಿದುಕೊಂಡಳು. ಹಿಡಿದುಕೊಂಡೇ, ಕತ್ತು ನೋಯುವವರೆಗೆ ಹಿಂದೆ ತಿರುಗಿ ನೋಡುತ್ತಿದ್ದಳು, ಆ ಕಿಟಕಿ ಚಿಕ್ಕದಾಗಿ, ಬಸ್ಸೂ ಚಿಕ್ಕದಾಗಿ, ಧೂಳಿನಲ್ಲಿ ಕರಗುವ ತನಕ.